ಬಸವಮ್ಮನ ಅರಿಸಿನ

ಶಿರಾ ಪೇಟೆಯಲ್ಲಿ ಬಸವಮ್ಮನ ಅರಿಸಿನ ಗೊತ್ತಿಲ್ಲದವರಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅರಿಸಿನದ ಕೊಂಬು ತರಿಸಿ, ಮಹಡಿಯ ಮೇಲೆ ಒಣಗಿಸಿ, ಮಿಲ್ಲಿನಲ್ಲಿ ಎದುರಿಗೇ ನಿಂತು ಪುಡಿ ಮಾಡಿಸಿ ಮಾರಿದವಳು ಆಕೆ. ಈಗ ವ್ಯಾಪಾರ ಮಗ ಮಲ್ಲೇಶನದು. ಮಧುಗಿರಿ, ಕೊರಟಗೆರೆ, ಪಾವಗಡಕ್ಕೂ ಪೊಟ್ಟಣಗಳು ಹೋಗುತ್ತಿದ್ದವು. ಪೊಟ್ಟಣದ ಮೇಲೆ ವಿಭೂತಿ ಧರಿಸಿದ ಬಸವಮ್ಮನ ಫೋಟೊ.

ಒಂದು ಮಧ್ಯಾಹ್ನ ಮದಲೂರಿನ ಅಂಗನವಾಡಿ ಟೀಚರ್ ಸುನಿತಾ ಅಂಗಡಿಗೆ ಬಂದಳು. ಅವಳ ಪುಟ್ಟ ಮಗಳು ಹೊಟ್ಟೆನೋವೆಂದು ತಿಂಗಳುಗಟ್ಟಲೆ ಅತ್ತಿದ್ದಳು. ಬರುತ್ತಿದ್ದ ಮಾತೂ ಕಡಿಮೆಯಾಗಿತ್ತು. ತುಮಕೂರಿನ ಡಾಕ್ಟರು ರಕ್ತಪರೀಕ್ಷೆ ಮಾಡಿಸಿದಾಗ ಸೀಸವೆಂಬ ವಿಷಲೋಹ ಕಂಡುಬಂತು. ಅದು ಎಲ್ಲಿಂದ ಬಂತೆಂದು ಹುಡುಕಿ, ಕೊನೆಗೆ ಅಡುಗೆಮನೆಯ ಪುಡಿಗಳನ್ನೆಲ್ಲ ಲ್ಯಾಬಿಗೆ ಕಳಿಸಿದರು. ಸೀಸವಿದ್ದದ್ದು ಇದೇ ಅಂಗಡಿಯ ಅರಿಸಿನದಲ್ಲಿ.

"ಕೆಮ್ಮು ಹೋಗ್ಲಿ ಅಂತ ದಿನಾ ಹಾಲಿಗೆ ಹಾಕಿ ನಾನೇ ಕುಡಿಸ್ದೆ ಸಾರ್. ಈ ಮಾಲು ಇನ್ನ ಮಾರಬ್ಯಾಡಿ," ಎಂದಳು ಸುನಿತಾ.

"ಊರೆಲ್ಲ ತಿಂತೈತೆ, ಯಾರಿಗೂ ಏನೂ ಆಗಿಲ್ಲ. ಹೋಗಮ್ಮ, ಗಿರಾಕಿಗಳು ನಿಂತವ್ರೆ," ಎಂದ ಮಲ್ಲೇಶ.

ಅಂಗಡಿಯ ಹಿಂದಿನ ಮನೆಯಲ್ಲಿದ್ದ ಬಸವಮ್ಮ ಇದನ್ನು ಕೇಳಿಸಿಕೊಂಡು ಹೊರಗೆ ಬಂದಳು. "ಒಳಕ್ಕೆ ಬಾ ತಾಯಿ," ಎಂದಳು. ತನ್ನ ಜಾತಿಯವರನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಸುನಿತಾ ಹೊಸಿಲ ಬಳಿ ತಡೆದು ನಿಂತಳು. ಬಸವಮ್ಮ ಅವಳ ಕೈ ಹಿಡಿದು ಒಳಗೆ ಕೂರಿಸಿ ಎಲ್ಲವನ್ನೂ ಕೇಳಿದಳು.

ಸುನಿತಾ ಹೋದ ಮೇಲೆ ಮಗನನ್ನು ಕರೆದಳು. "ಏನ್ ಬೆರೆಸಿದ್ದೀಯಲಾ?"

"ನಾನೇನೂ ಬೆರೆಸಿಲ್ಲ ಅವ್ವ. ಕೊಂಬು ತರ್ಸದು ಬುಟ್ಟು ರೆಡಿ ಪುಡಿ ತರಿಸ್ತಿದೀನಿ. ಬಣ್ಣ ಹೊಳೆದ್ರೇ ಜನ ತಗಳ್ಳದು. ಬಣ್ಣಕ್ಕೆ ಅವ್ರೇನ್ ಹಾಕ್ತಾರೋ ನಾನ್ ಕೇಳಿಲ್ಲ." ಮಲ್ಲೇಶ ದನಿ ತಗ್ಗಿಸಿದ. "ಈ ಲೋಡು ಖಾಲಿಯಾಗ್ಲಿ, ಬದಲಾಯಿಸ್ತೀನಿ. ಯಾರ ಮುಂದೂ ಬಾಯಿ ಬುಡಬ್ಯಾಡ."

"ಖಾಲಿಯಾಗದು ಅಂದ್ರೆ ಮಕ್ಕಳ ಹೊಟ್ಟೆಗೆ ಹೋಗದು ಕಣ್ಲಾ."

ಮಾರನೆಯ ಬೆಳಿಗ್ಗೆ ಬಸವಮ್ಮ ಅಂಗಡಿಯ ಷಟರಿಗೆ ತನ್ನದೇ ಬೀಗ ಹಾಕಿ ಮೆಟ್ಟಿಲ ಮೇಲೆ ಕೂತಳು. ಆಹಾರ ಸುರಕ್ಷತೆಯ ಅಧಿಕಾರಿಗೆ ಫೋನ್ ಮಾಡುವಂತೆ ಸುನಿತಾಗೆ ಆಗಲೇ ಹೇಳಿದ್ದಳು. ಪಕ್ಕದ ಅಂಗಡಿಯ ವೀರಭದ್ರಯ್ಯ ಬಂದು, "ಮನೆ ಮಾತು ಬೀದಿಗೆ ತರಬ್ಯಾಡಿ ಬಸವಮ್ಮೋರೆ," ಎಂದರು.

"ಪೊಟ್ಟಣ ಬೀದಿಬೀದಿಗೂ ಹೋಗೈತೆ. ಮಾತೂ ಹೋಗ್ಲಿ."

ಮಲ್ಲೇಶನ ಮುಖ ಕೆಂಪಾಗಿತ್ತು. "ಹೆತ್ತ ಮಗನ್ನೇ ಜೈಲಿಗೆ ಕಳಿಸ್ತೀಯಾ ಅವ್ವ?"

ಬಸವಮ್ಮ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿದಳು. "ಜೈಲಿಗೆ ಹೋದ್ರೆ ಊಟ ನಾನೇ ತತ್ತೀನಿ. ಬೀಗ ಮಾತ್ರ ತೆಗಿಯಲ್ಲ."

ಅಧಿಕಾರಿ ಬಂದ ಮೇಲೆಯೇ ಬೀಗ ತೆಗೆದಳು. ಅವರು ಸ್ಯಾಂಪಲ್ ತೆಗೆದುಕೊಂಡು ದಾಸ್ತಾನಿಗೆ ಸೀಲ್ ಹಾಕಿದರು. ಪರೀಕ್ಷೆಯಲ್ಲಿ ಸೀಸ ಇರುವುದು ಖಚಿತವಾಯಿತು. ಆದರೆ ಹೊರಗಿನ ಅಂಗಡಿಗಳಲ್ಲಿ ಪೊಟ್ಟಣಗಳು ಇನ್ನೂ ತೂಗಾಡುತ್ತಿದ್ದವು. ಬಸವಮ್ಮ ಸುನಿತಾಳೊಂದಿಗೆ ಬಸ್ಸು ಹತ್ತಿ ಊರೂರು ಸುತ್ತಿದಳು. ಆಂಧ್ರದ ಗಡಿಯ ವೈ.ಎನ್. ಹೊಸಕೋಟೆಯ ತೆಲುಗು ಅಂಗಡಿಯವನು ಪೊಟ್ಟಣ ವಾಪಸ್ ಕೊಡಲು ಒಪ್ಪಲಿಲ್ಲ. "ಇಕ್ಕಡ ಯಾರೂ ಕಂಪ್ಲೇಂಟ್ ಮಾಡಿಲ್ಲ ಕದಮ್ಮಾ," ಎಂದ. ಬಸವಮ್ಮ ಅವನ ಜಗಲಿಯ ಮೇಲೆಯೇ ಕೂತು, ಬಂದವರಿಗೆಲ್ಲ ಹೇಳತೊಡಗಿದಳು: "ಈ ಅರಿಸಿನ ತಗಳಬ್ಯಾಡಿ, ವಿಷ ಐತೆ. ಫೋಟೊದಾಗಿರೋಳು ನಾನೇ, ನೋಡ್ಕಳಿ." ಸಂಜೆಯ ಹೊತ್ತಿಗೆ ಅವನು ಪೊಟ್ಟಣಗಳನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿಕೊಟ್ಟ.

ನೆಂಟರು ಬರುವುದನ್ನು ನಿಲ್ಲಿಸಿದರು. ಮಲ್ಲೇಶ ಬೇರೆ ಮನೆ ಮಾಡಿದ. ಸುನಿತಾಳ ಮಗಳ ರಕ್ತದಲ್ಲಿ ಸೀಸ ನಿಧಾನವಾಗಿ ಇಳಿಯುತ್ತಿತ್ತು. ಹೊಟ್ಟೆನೋವು ಹೋಯಿತು. ಮಾತು ಮೊದಲಿನಂತಾಗುತ್ತದೋ ಇಲ್ಲವೋ, ಡಾಕ್ಟರು ಭರವಸೆ ಕೊಡಲಿಲ್ಲ.

ಮಲ್ಲೇಶನ ಮೇಲೆ ಹಾಕಿದ್ದ ಕೇಸಿನಲ್ಲಿ ಬಸವಮ್ಮ ಸಾಕ್ಷಿ ಹೇಳಬೇಕಾದ ದಿನ, ಅವನ ವಕೀಲರು ಕೋರ್ಟಿನ ಹೊರಗೆ ಆಕೆಯನ್ನು ಪಕ್ಕಕ್ಕೆ ಕರೆದರು. "ವಯಸ್ಸಾಗಿದೆ, ಏನೂ ನೆನಪಿಲ್ಲ ಅಂದುಬಿಡಿ ತಾಯಿ. ಮಗ ಉಳಿದುಕೊಳ್ಳುತ್ತಾನೆ."

ದೂರದಲ್ಲಿ ಬೇವಿನ ಮರದ ಕೆಳಗೆ ಮಲ್ಲೇಶ ತಲೆ ತಗ್ಗಿಸಿ ನಿಂತಿದ್ದ. ಸೊರಗಿದ್ದ. ಬಸವಮ್ಮ ಅವನನ್ನೇ ನೋಡಿದಳು, ಬಹಳ ಹೊತ್ತು.

"ನೆನಪೈತೆ ಸಾಮಿ," ಎಂದಳು. "ಎಲ್ಲ ನೆನಪೈತೆ."

ಒಳಗಿನಿಂದ ಹೆಸರು ಕೂಗಿದರು. ಬಸವಮ್ಮ ಸೆರಗು ಸರಿಮಾಡಿಕೊಂಡು, ಜೊತೆಗೆ ಬಂದಿದ್ದ ಸುನಿತಾ ಚಾಚಿದ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿದಳು.