ದುಃಖತಪ್ತರ ಪಟ್ಟಿ

ಮಾನ್ಯ ವಾಚಕ ಮಹಾಶಯರೇ, ಊರೂರು ಅಲೆದು, ಮೈಸೂರಿನ ಅಗ್ರಹಾರದಲ್ಲಿ ಬಾಡಿಗೆ ಕೋಣೆ ಹಿಡಿದು ಆಹ್ವಾನಪತ್ರಿಕೆ, ಫಲಕಗಳ ವಿನ್ಯಾಸ ಮಾಡಿಕೊಂಡಿದ್ದ ನಾನು ಒಂದು ಹೆಸರನ್ನು ಅಳಿಸಿದ ಬಗೆಯನ್ನು ತಮ್ಮಲ್ಲಿ ನಿವೇದಿಸುತ್ತೇನೆ.

ರವಿಚಂದ್ರ ಎಂಬುವವರು ತಮ್ಮ ತಂದೆ ಸಿದ್ದರಾಜು ಅವರ ಉತ್ತರಕ್ರಿಯೆಯ ಪತ್ರಿಕೆ ಮಾಡಿಸಲು ಬಂದಿದ್ದರು. ಫೋಟೊದ ಚೌಕಟ್ಟು, ಅಕ್ಷರದ ಬಣ್ಣ ಎಂದು ಆರು ಸಲ ತಿದ್ದಿಸಿದರು. ಏಳನೆಯ ಸಲ, ಅವರ ತಾಯಿ ಬರೆದುಕೊಟ್ಟಿದ್ದ ದುಃಖತಪ್ತರ ಪಟ್ಟಿಯಿಂದ ತಂಗಿ ಸಿಂಚನಳ ಹೆಸರನ್ನು ತೆಗೆಯಲು ಹೇಳಿದರು. ಆಕೆ ಬೇರೆ ಜಾತಿಯವನನ್ನು ಮದುವೆಯಾಗಿದ್ದಳು.

“ಮಗಳಲ್ವಾ ಸಾರ್?” ಎಂದೆ.

“ನೀವು ಡಿಸೈನ್ ಮಾಡಿ ಸಾಕು. ನಮ್ಮನೆ ಪಂಚಾಯ್ತಿ ನಿಮಗ್ಯಾಕ್ರೀ?”

ಅಳಿಸಿದೆ.

ಮರುದಿನ ಬೆಳಿಗ್ಗೆ, ತಾಯಿಯಿಂದ ವಿಷಯ ತಿಳಿದು ಸಿಂಚನಳೇ ಬಂದಳು. ಜಗಳವಾಡುವಳೆಂದು ಹೆದರಿದೆ. ಅವಳು ಕೇಳಿದ್ದು ಇಷ್ಟೇ: “ಊರಿಗೆಲ್ಲ ಅಣ್ಣ ಹೇಳ್ದಂಗೇ ಹಂಚ್ಲಿ ಸಾರ್. ನನ್ನ ಹೆಸರಿರೋದು ಒಂದೇ ಒಂದು ನನಗೆ ಮಾಡ್ಕೊಡಿ. ನಾನೂ ಅಪ್ಪನ್ನ ಕಳ್ಕೊಂಡಿದೀನಲ್ವಾ?”

ಒಂದು ಪ್ರತಿಯನ್ನು ಮುದ್ರಿಸಿ ಕೊಟ್ಟೆ. ತನ್ನ ಹೆಸರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತಿದ್ದ ಅವಳು, ಪತ್ರಿಕೆಯನ್ನು ವೇಲಿನೊಳಗೆ ಮುಚ್ಚಿಕೊಂಡು ಮೆಟ್ಟಿಲಿಳಿದಳು.

ಮಧ್ಯಾಹ್ನ ರವಿಚಂದ್ರರ ಫೋನು ಬಂತು. “ಕೆಳಗಡೆ ಒಂದು ಸಾಲು ಖಾಲಿ ಕಾಣ್ತದೆ ಕಣ್ರೀ. ಅಲ್ಲಿಗೊಂದು ಹೂವು ಹಾಕ್ಬುಡಿ.”

ಸಿಂಚನಳ ಹೆಸರಿದ್ದ ಸಾಲಿಗೆ ಹೂವಿಟ್ಟು ಕಳಿಸಿದೆ. “ಈಗ ನೋಡಿ, ಲಕ್ಷಣವಾಗಿದೆ!” ಎಂದು ಅವರು ಮೊದಲ ಬಾರಿಗೆ ಹೊಗಳಿದರು. ಆ ಹೊಗಳಿಕೆಯನ್ನು ಹೊತ್ತು ಆ ಕೋಣೆಯಲ್ಲಿ ಕುಳಿತಿರಲು ನನ್ನಿಂದಾಗಲಿಲ್ಲ. ಲ್ಯಾಪ್‌ಟಾಪನ್ನೂ ನಾಲ್ಕು ಬಟ್ಟೆಗಳನ್ನೂ ಚೀಲಕ್ಕೆ ತುಂಬಿ, ಬೀಗದ ಕೈಯನ್ನು ಮನೆಯೊಡತಿಗೆ ಒಪ್ಪಿಸಿ, ಬಸ್ ನಿಲ್ದಾಣದ ಕಡೆಗೆ ನಡೆದೆ.