ಕಲ್ಲಿನ ಹೊಟ್ಟೆಯ ಗೆರೆಗಳು

ಶಿವರುದ್ರಮ್ಮ ಕಲ್ಲಿಗೆ ಕೈಮುಗಿದು, ಕಣ್ಣಿಗೊತ್ತಿಕೊಂಡು, ಆಮೇಲೆ ಅದನ್ನು ನೆಲಕ್ಕಿಟ್ಟು ಅದರ ಮೇಲೆ ಕಾಲಿಟ್ಟಳು.

"ಅವ್ವಾ, ಕಾಲು ಬೇಡ," ಎಂದಳು ಸರೋಜ. ಗರಗಸ ಅವಳ ಕೈಯಲ್ಲಿತ್ತು.

"ಕೈಲಿ ಹಿಡಿದ್ರೆ ಜಾರ್ತದೆ, ಈಗ ತಾನೆ ನೋಡ್ಲಿಲ್ವಾ? ಈಳಿಗೆಮಣೆ ಮೇಲೆ ಕಾಲಿಟ್ಟು ಕೂರಲ್ವಾ, ಹಂಗೇ ಇದೂನು. ತಪ್ಪಾದ್ರೆ ಶಿವ ನನ್ನ ಕೇಳ್ತಾನೆ, ನಿನ್ನಲ್ಲ. ಕುಯ್ಯಿ ನೀನು."

ಹಿತ್ತಿಲಿನಾಚೆ ಮಧುಗಿರಿಯ ಬೆಟ್ಟ ಬಿಸಿಲಿಗೆ ಕಾದು ನಿಂತಿತ್ತು. ನುಗ್ಗೆಮರದ ಕೊಂಬೆ ಕಡಿಯಬೇಕೆಂದು ಸುಳ್ಳು ಹೇಳಿ ಹಿಂದಿನ ಬೀದಿಯ ಬಡಗಿಯ ಮನೆಯಿಂದ ಗರಗಸ ತಂದಿದ್ದಾಗಿತ್ತು. ಸರೋಜ ಒಮ್ಮೆ ಎಳೆದಳು. ರಂಗೋಲಿ ಪುಡಿಯಂಥ ಬಿಳಿ ಹುಡಿ ತಾಯಿಯ ಕಾಲ್ಬೆರಳ ಮೇಲೆ ಉದುರಿತು.

ಅದು ಅಂತಿಂಥ ಕಲ್ಲಲ್ಲ. ಶಿವರುದ್ರಮ್ಮನ ಅತ್ತೆ ರಾಮೇಶ್ವರಕ್ಕೆ ನಡೆದು ಹೋಗಿ ಬಂದಾಗ ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು. ತೆಂಗಿನಕಾಯಿಯಷ್ಟು ಗಾತ್ರ, ಹೊಗೆ ಹಿಡಿದ ಬಣ್ಣ, ಮೈತುಂಬ ಸಾಸಿವೆಯಷ್ಟು ಸಣ್ಣ ಹೂವುಗಳ ಅಚ್ಚು. ಪ್ರತಿ ಶಿವರಾತ್ರಿಗೆ ತಾಮ್ರದ ಹಂಡೆಯಲ್ಲಿ ನೀರು ತುಂಬಿ ಬಿಟ್ಟರೆ ತೇಲುತ್ತಿತ್ತು. ಬೀದಿಯ ಹೆಂಗಸರೆಲ್ಲ ಬಂದು ಅರಿಸಿನ ಕುಂಕುಮ ಹಚ್ಚುತ್ತಿದ್ದರು. ತಾಲ್ಲೂಕಿನ ಅಧಿಕಾರಿ ಅಮಲ್ದಾರರ ಮನೆಯವರೂ ಬರುತ್ತಿದ್ದರು. ಹಂಡೆಯ ಹಿಂದೆ ಮನೆಯ ಯಜಮಾನ ನಾಗಲಿಂಗಯ್ಯ ಆ ಕಲ್ಲನ್ನು ತಾನೇ ಹೆತ್ತವನಂತೆ ಬೀಗುತ್ತ ನಿಲ್ಲುತ್ತಿದ್ದ.

ನಾಗಲಿಂಗಯ್ಯನದು ಹುಣಸೆಹಣ್ಣಿನ ಮಂಡಿ. ಪಾವಗಡದ ಕಡೆಯಿಂದ ಗಾಡಿಗಟ್ಟಲೆ ಬರುವ ಹಣ್ಣನ್ನು ಅವನು ಕಣ್ಣಲ್ಲೇ ಅಳೆಯುತ್ತಿದ್ದ. ಮಂಡಿಯಲ್ಲಿ ಧಾರಣೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಮಾರುವವನು, ಕೊಳ್ಳುವವನು ಇಬ್ಬರೂ ಟವಲಿನಡಿ ಕೈ ಹಿಡಿದು ಬೆರಳು ಅದುಮಿಯೇ ಮಾತಾಡಬೇಕು. ಕೈ ಬಿಟ್ಟ ಮೇಲೆ ಆ ಮಾತಿಗೆ ತಿದ್ದುಪಡಿಯಿಲ್ಲ. ತಾನು ಹುಟ್ಟಿದ ಮೇಲೆ ಟವಲಿನಡಿಯ ಮಾತಿಗೆ ತಪ್ಪಿದವನಲ್ಲ ಎಂದು ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಆ ಜಂಬವೇ ಈಗ ಅವನನ್ನು ಸಿಕ್ಕಿಸಿಹಾಕಿತ್ತು.

ಆದದ್ದು ಇಷ್ಟು. ಸರೋಜ ತುಮಕೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಇಂಟರ್‌ಮೀಡಿಯೆಟ್ ಮುಗಿಸಿದ್ದಳು. ಬೆಂಗಳೂರಿಗೆ ಹೋಗಿ ಭೂವಿಜ್ಞಾನ ಓದುತ್ತೇನೆ ಎಂದು ಹಟ ಹಿಡಿದಿದ್ದಳು. ಅಪ್ಪ ಸಿರಾದ ನಂದೀಶ್ವರಯ್ಯನ ಮನೆಯವರಿಗೆ ಸೋಮವಾರ ಹೆಣ್ಣು ನೋಡಲು ಬನ್ನಿ ಎಂದು ಹೇಳಿಕಳಿಸಿದ್ದ. ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಮಾತು ಬೆಳೆಯಿತು.

"ಕಲ್ಲು ಮಣ್ಣು ನೋಡಕ್ಕೆ ಬೆಂಗ್ಳೂರಿಗ್ಯಾಕೆ ಹೋಗ್ಬೇಕಮ್ಮ? ಮನೆ ಹಿಂದೆ ಇಷ್ಟು ದೊಡ್ಡ ಬೆಟ್ಟ ಐತಲ್ಲ!" ಎಂದಿದ್ದ ಅಪ್ಪ.

"ಬೆಟ್ಟ ಯಾಕೆ, ನಮ್ಮ ಅಟ್ಟದ ಮೇಲೇ ಐತೆ. ನಮ್ಮ ತೇಲೋ ಕಲ್ಲು ಹವಳದ ಜಾತಿ ಅಪ್ಪ. ಸಮುದ್ರದ ಸಣ್ಣ ಸಣ್ಣ ಜೀವ ಕಟ್ಟಿಕೊಂಡ ಮನೆ. ವರ್ಷಾ ವರ್ಷಾ ಒಂದೊಂದು ಪದರ ಕಟ್ತವೆ, ಕುಯ್ದು ನೋಡಿದ್ರೆ ಗೆರೆ ಗೆರೆಯಾಗಿ ಕಾಣ್ತದೆ. ನೀರು ಬೆಚ್ಚಗಿದ್ದ ವರ್ಷ ದಪ್ಪ, ತಣ್ಣಗಾದ ವರ್ಷ ತೆಳು. ಅಜ್ಜಿಗೆ ಇದು ದಡದಾಗೆ ಸಿಕ್ಕಿದ್ದಲ್ಲ, ದೂರದಾಗೆ ಬಾವಿ ತೋಡಿದ ಮಣ್ಣಾಗೆ ಸಿಕ್ತು ಅಂತ ನೀವೇ ಹೇಳ್ತಿದ್ರಿ. ಅಂದ್ರೆ ಒಂದು ಕಾಲಕ್ಕೆ ಸಮುದ್ರ ಅಲ್ಲೀತಂಕ ಇತ್ತು. ಲೋಕ ಬಿಸಿಯಾದಾಗ ಹಿಮ ಕರಗಿ ಸಮುದ್ರ ಏರ್ತದೆ, ತಣ್ಣಗಾದಾಗ ಇಳೀತದೆ. ಅದಕ್ಕೆಲ್ಲ ಸಾಕ್ಷಿ ಈ ಕಲ್ಲಿನ ಹೊಟ್ಟೆಯಾಗೆ ಐತೆ."

ನಾಗಲಿಂಗಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಕೈತೊಳೆದು ಬಂದು ಹೆಗಲ ಟವಲನ್ನು ಮಗಳ ಕೈಮೇಲೆ ಹರವಿ, ಅದರಡಿಯಲ್ಲಿ ಅವಳ ಕೈ ಹಿಡಿದ. "ಆ ಗೆರೆ ತೋರ್ಸು, ಬೆಂಗ್ಳೂರಿಗೆ ಹೋಗು. ಇಲ್ಲಾಂದ್ರೆ ಸೋಮವಾರ ಸುಮ್ನೆ ಸಿರಾದೋರ ಮುಂದೆ ಕೂತ್ಕೊ. ಆಯ್ತಾ?" ಸರೋಜ ಅವನ ಬೆರಳು ಅದುಮಿದಳು. ತನ್ನ ಮನೆಯಲ್ಲಿ ಆ ಕಲ್ಲನ್ನು ಕುಯ್ಯುವ ಎದೆಗಾರಿಕೆ ಯಾರಿಗೂ ಇಲ್ಲವೆಂದೇ ಅವನು ಕೈ ಕೊಟ್ಟಿದ್ದ. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಹೆಂಡತಿಯನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಗರಗಸ ಕಲ್ಲಿನ ಮುಕ್ಕಾಲು ಭಾಗಕ್ಕೆ ಇಳಿದಿತ್ತು. ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಮಂಡಿಯಲ್ಲಿ ವ್ಯಾಪಾರವಿಲ್ಲದೆ ನಾಗಲಿಂಗಯ್ಯ ಬೇಗ ಬಂದುಬಿಟ್ಟಿದ್ದ.

"ಏನೇ ಇದು! ಕಾಲು ತೆಗಿಯೇ! ದೇವರ ಕಲ್ಲಿನ ಮೇಲೆ ಕಾಲಿಟ್ಟಿದ್ದೀಯಲ್ಲೇ!"

ಸರೋಜಳ ಕೈ ನಿಂತುಹೋಯಿತು. ಶಿವರುದ್ರಮ್ಮನ ಕಾಲು ಮಾತ್ರ ಅಲ್ಲಾಡಲಿಲ್ಲ.

"ಕೂಗಾಡ್ಬೇಡಿ, ಪಕ್ಕದ ಮನೆಯೋರು ಬಂದಾರು. ನೀವೇ ಟವಲ್ ಹಾಕಿ ಕೈ ಕೊಟ್ಟಿದ್ದು, ನಾನೇನು ಹೇಳಿಕೊಟ್ಟಿದ್ನಾ?"

"ಮುಂದಿನ ಶಿವರಾತ್ರಿಗೆ ಅಮಲ್ದಾರರ ಮನೆಯೋರಿಗೆ ಏನು ತೋರ್ಸ್ತೀಯಾ? ಕುಯ್ದ ಕಲ್ಲು ತೇಲ್ತದಾ? ಮಹಿಮೆಯೇ ಹೋಯ್ತಲ್ಲೇ!"

ಶಿವರುದ್ರಮ್ಮ ಗಂಡನ ಮುಖವನ್ನೇ ದಿಟ್ಟಿಸಿದಳು. ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿಬಿಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು ಎನ್ನಿಸಿತು.

"ನಾನು ಈ ಮನೆಗೆ ಬಂದ ಹೊಸದ್ರಾಗೆ ಭಕ್ತಿ ಜಾಸ್ತಿಯಾಗಿ ಒಂದು ತಿಂಗಳು ದಿನಾ ಇದಕ್ಕೆ ಅಭಿಷೇಕ ಮಾಡ್ಬುಟ್ಟೆ. ಶಿವರಾತ್ರಿಗೆ ಇನ್ನು ಸ್ವಲ್ಪ ದಿನ ಇರೋವಾಗ ನೀರಿಗೆ ಬುಟ್ಟು ನೋಡ್ತೀನಿ, ಗುಳುಂ ಅಂತ ಮುಳುಗ್ತು ಕಣ್ರೀ. ಅಳ್ತಾ ಕೂತಿದ್ದೆ. ಅತ್ತೆ ಬೈಲಿಲ್ಲ. ಒಲೆ ಮೇಲಿನ ಅಟ್ಟದಾಗೆ ಇಟ್ಟು ಒಣಗಿಸಿದ್ರು. ಮತ್ತೆ ತೇಲ್ತು. ಗಂಡಸ್ರಿಗೆ ಹೇಳ್ಬೇಡ, ಎದೆ ಒಡ್ಕೊಂಡಾರು ಅಂದ್ರು. ವರ್ಷವೆಲ್ಲ ಇದನ್ನ ಹೊಗೆಯಾಗೆ ಯಾಕೆ ಇಡ್ತೀನಿ ಅಂದ್ಕೊಂಡಿದ್ರಿ?"

"ದೃಷ್ಟಿ ಆಗ್ಬಾರ್ದು ಅಂತ..." ಎಂದ ನಾಗಲಿಂಗಯ್ಯ. ಅವನ ದನಿ ಅರ್ಧಕ್ಕಿಳಿದಿತ್ತು.

"ಒಣಗಿದ್ರೆ ತೇಲ್ತದೆ, ನೆನೆದ್ರೆ ಮುಳುಗ್ತದೆ. ಅಂಗಂತ ನಾನು ಕೈಮುಗಿಯೋದು ಬುಟ್ಟಿದ್ದೀನಾ? ಈಗ್ಲೂ ಮುಗಿದೇ ಕಾಲಿಟ್ಟೆ. ಕುಯ್ಯಮ್ಮ ನೀನು."

ಸರೋಜ ಕುಯ್ದಳು. ಕಲ್ಲು ಎರಡು ಹೋಳಾಗಿ ಉರುಳಿತು. ಒಂದನ್ನು ಎತ್ತಿ ಬಿಸಿಲಿಗೆ ಹಿಡಿದಳು. ಬರೀ ಬಿಳುಪು. ಇನ್ನೊಂದನ್ನು ಹಿಡಿದಳು. ಅದೂ ಅಷ್ಟೆ, ಗೋಡೆಗೆ ಸುಣ್ಣ ಬಳಿದ ಹಾಗೆ. ಚೆಂಬಿನ ನೀರು ಸುರಿದು ಉಜ್ಜಿದಳು. ಹುಡಿ ಕೆಸರಾಗಿ ಇನ್ನಷ್ಟು ಗಟ್ಟಿಯಾಗಿ ಮೆತ್ತಿಕೊಂಡಿತು. ಅವಳಿಗೆ ಭೂಮಿಯೇ ಕುಸಿದಂತಾಯಿತು. ಸೋಮವಾರ, ಸಿರಾ, ಮುಡಿಗೆ ಹೂವು, ತಲೆ ತಗ್ಗಿಸಿ ಕೂರುವುದು ಎಲ್ಲ ಒಟ್ಟಿಗೇ ಕಣ್ಣಮುಂದೆ ಬಂತು. ಮನೆಯ ಕಲ್ಲನ್ನೂ ಹಾಳುಮಾಡಿದೆ ಎಂದು ದುಃಖ ಒತ್ತರಿಸಿತು.

"ಎಲ್ಲಮ್ಮಾ ನಿನ್ನ ಗೆರೆ?" ಎಂದ ಅಪ್ಪ. ಗೆದ್ದವನ ದನಿ ಅದಾಗಿರಲಿಲ್ಲ. ಅವನು ಪಂಚೆ ಎತ್ತಿಕೊಂಡು ಕುಕ್ಕುರುಗಾಲಲ್ಲಿ ಕೂತು, ಹೋಳನ್ನು ಮಗಳ ಕೈಯಿಂದ ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿದ. ಮಾಲು ಕೈಗೆ ಬಂದರೆ ತಿರುಗಿಸಿ ಮುರುಗಿಸಿ ನೋಡದೆ ಬಿಡುವ ಜೀವವಲ್ಲ ಅದು.

"ಸಂದಿಯಾಗೆಲ್ಲ ಹುಡಿ ಕೂತದೆ. ನೀರಿಗೆ ಬುಡಲ್ಲ ಇದು," ಎಂದು ಗೊಣಗಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಲೇ, ಹಂಡೆ ಬೆಳಗೋ ಹುಣಸೆಹುಳಿ ತಗೊಂಬಾ. ಹಳೇದು ತರಬೇಡ, ಈ ಸಲದ್ದು ತಾ," ಎಂದ.

ಹುಳಿಯನ್ನು ಅವನೇ ಕಿವುಚಿ ಹಚ್ಚಿ ತಿಕ್ಕಿದ. ಕಲ್ಲಿನ ಮೇಲೆ ಸಣ್ಣಗೆ ನೊರೆ ಕಟ್ಟಿತು. ತೊಳೆದು, ಟವಲಿನಿಂದ ಒತ್ತಿ, ಬಿಸಿಲಿಗೆ ಓರೆಯಾಗಿ ಹಿಡಿದ. ಹಿಡಿದವನು ಹಾಗೆಯೇ ಕೂತ.

ಈರುಳ್ಳಿ ಹೆಚ್ಚಿದಾಗ ಕಾಣುವ ಹಾಗೆ ಗೆರೆಗಳು ಬಾಗಿ ಬಾಗಿ ನಿಂತಿದ್ದವು. ಒಂದು ತೆಳ್ಳಗೆ ಬೆಳ್ಳಗೆ, ಅದರ ಪಕ್ಕದ್ದು ಅಗಲವಾಗಿ ಮಸುಕಾಗಿ, ಒಳಗಿನಿಂದ ಅಂಚಿನವರೆಗೂ.

"ಬಂತಲ್ಲಾ!" ಎಂದಳು ಸರೋಜ. ಅಳು ನಗು ಎರಡೂ ಒಟ್ಟಿಗೇ ಬಂದವು.

ನಾಗಲಿಂಗಯ್ಯ ಉಗುರಿನಿಂದ ಒಂದು ಕಡೆ ತೋರಿಸಿದ. "ಇಲ್ಯಾಕೆ ಇಂಗೆ ಒತ್ತೊತ್ತಾಗಿ ಅವೆ?"

"ಆ ವರ್ಷಗಳು ಅದಕ್ಕೆ ಒಗ್ಗಿಲ್ಲ. ನೀರು ತಣ್ಣಗಾಗಿತ್ತೋ ಏನೋ."

"ಏನೋ ಅಂದ್ರೆ?"

"ನಂಗೂ ಗೊತ್ತಿಲ್ಲ ಅಪ್ಪ. ಅದನ್ನ ತಿಳ್ಕೊಳ್ಳೋಕೇ ಹೋಗ್ಬೇಕು ಅಂತಿರೋದು."

ಹೋಳನ್ನು ಒಮ್ಮೆ ದೂರ, ಒಮ್ಮೆ ಹತ್ತಿರ ಹಿಡಿದು ನೋಡಿದ. ತನ್ನ ತಾಯಿ ಸೆರಗಿನಲ್ಲಿ ಹೊತ್ತು ತಂದ ಕಲ್ಲಿನೊಳಗೆ ಇಷ್ಟೆಲ್ಲ ಇತ್ತೆಂಬುದು ಅವನಿಗೆ ಹೆಮ್ಮೆಯೇ ಆಯಿತು. ಅದನ್ನು ಒಪ್ಪಿಕೊಳ್ಳುವುದಷ್ಟೇ ಕಷ್ಟವಾಗಿತ್ತು.

"ಸಿರಾದೋರಿಗೆ ಏನು ಹೇಳ್ಲೇ?" ಎಂದು ಹೆಂಡತಿಯನ್ನು ಕೇಳಿದ.

"ಹುಡ್ಗಿ ಇನ್ನೂ ಓದ್ತಾಳೆ ಅಂತ ಹೇಳಿ. ಬೇಕಾದ್ರೆ ಕಾಯ್ತಾರೆ."

ನಾಗಲಿಂಗಯ್ಯ ನಿಟ್ಟುಸಿರಿಟ್ಟು, ಹುಣಸೆಯ ಕಲೆಯಾದ ಟವಲನ್ನು ಕೊಡವಿದ. "ಕೈ ಕೊಡಮ್ಮ," ಎಂದ. ಟವಲಿನಡಿಯಲ್ಲಿ ಮಗಳ ಎರಡು ಬೆರಳನ್ನು ಅದುಮಿದ: ಎರಡು ವರ್ಷ, ಆಮೇಲೆ ಮದುವೆ. ಸರೋಜ ಕೈ ಬಿಡಲಿಲ್ಲ. ಅವನ ಮೂರು ಬೆರಳನ್ನು ಒಟ್ಟಿಗೆ ಹಿಡಿದು ಗಟ್ಟಿಯಾಗಿ ಅದುಮಿದಳು. ಅವನು ಮತ್ತೆ ಎರಡು ಅದುಮಿದ. ಅವಳು ಮತ್ತೆ ಮೂರು.

ಶಿವರುದ್ರಮ್ಮ ಹೋಳುಗಳನ್ನು ಸೆರಗಿನಲ್ಲಿ ಒರೆಸಿದಳು. ಒಂದನ್ನು ಅಟ್ಟಕ್ಕೆಂದು, ಒಂದನ್ನು ಮಗಳ ಪೆಟ್ಟಿಗೆಗೆಂದು ಬೇರೆ ಬೇರೆ ಇಟ್ಟಳು. ತಿರುಗಿ ನೋಡಿದರೆ ಟವಲು ಇನ್ನೂ ಅಲ್ಲಾಡುತ್ತಲೇ ಇತ್ತು.