ಗುಡುಗಪ್ಪನ ಸ್ಪೀಕರ್ ಡಬ್ಬ

"ಇನ್ನೊಂಚೂರು ಎತ್ರಪ್ಪ" ಎಂದವರೇ ತೀರಿಹೋದವರ ಮಗಳ ಸೋದರಮಾವ ಸೊಂಟ ಹಿಡಿದುಕೊಂಡು ಕೂತುಬಿಟ್ಟರು. ನಾಲ್ಕು ಜನ ಸೇರಿದರೂ ಸ್ಪೀಕರ್ ಡಬ್ಬ ಜಪ್ಪಯ್ಯ ಅನ್ನಲಿಲ್ಲ. ಬೀರುವಿಗಿಂತ ದೊಡ್ಡದು, ನಡುಮನೆಗೆ ಅಡ್ಡವಾಗಿ ನಿಂತಿತ್ತು. ಮನೆ ಯಜಮಾನರ ಹೆಣ ಒಳಕೋಣೆಯಲ್ಲಿತ್ತು. ಉಳಿದ ಸಂದಿಯಲ್ಲಿ ಮನುಷ್ಯರು ಓರೆಯಾಗಿ ನುಸುಳಬಹುದಿತ್ತು, ಶವಪೆಟ್ಟಿಗೆ ಹಾಯುವಂತಿರಲಿಲ್ಲ.

ಹದಿನಾರು ವರ್ಷದ ಹಿಂದೆ ಅವರು ಅದನ್ನು ಅಲ್ಲೇ ಕಟ್ಟಿಸಿದ್ದರು. ಪ್ರಪಂಚದ್ದೆಲ್ಲ ಅಳೆದ ಪುಣ್ಯಾತ್ಮ ಮನೆಬಾಗಿಲನ್ನು ಮಾತ್ರ ಅಳೆದಿರಲಿಲ್ಲ. ಆ ಡಬ್ಬದಿಂದ ಗುಡುಗು ಬರುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು; ಕೊನೆಗೆ ಗುಡುಗು ಬಾರದೆ ಹೋದಾಗ ಬೀದಿಯವರು ಗುಡುಗಪ್ಪ ಎಂದು ಹೆಸರಿಟ್ಟರು. ಅವರೂ ನಕ್ಕು ಓಗೊಡುತ್ತಿದ್ದರು. ಆಮೇಲೆ ಹೊಟ್ಟೆಪಾಡಿಗೆ ಅವರಿವರ ಹರಿದ ಸ್ಪೀಕರ್ ರಿಪೇರಿ ಮಾಡಿದರೇ ಹೊರತು ಸ್ವಂತದ್ದೊಂದನ್ನು ಮತ್ತೆ ಕಟ್ಟಲಿಲ್ಲ.

"ಕೊಯ್ದುಬಿಡಿ ಚಿಕ್ಕಪ್ಪ," ಎಂದಳು ಮಗಳು, ಬಡಗಿಗೆ. "ಕಟ್ಟಿದವರು ನೀವೇ. ಎಲ್ಲಿ ಕೊಯ್ಯಬೇಕು ಅಂತ ನಿಮಗೇ ಗೊತ್ತು."

ಗೊತ್ತಿತ್ತು. ಎಲ್ಲಿ ಕೊಯ್ಯಬಾರದು ಎನ್ನುವುದೂ ಗೊತ್ತಿತ್ತು. ಬಡಗಿ ಬೇಕೆಂತಲೇ ಬಲಗಡೆಯಿಂದ ಶುರುಮಾಡಿದ. ಅಲ್ಲಿ ಹಲಗೆ ದಪ್ಪ, ಗರಗಸ ಕಚ್ಚಿಕೊಂಡಿತು. ಎಡಗಡೆ ತೆಳ್ಳಗಿರುವಾಗ ಇಲ್ಲೇನು ಒದ್ದಾಡುತ್ತೀಯ ಎಂದು ಸೋದರಮಾವ ಗದರಿದರು. ಬಡಗಿ ಗರಗಸ ಕಿತ್ತುಕೊಂಡು ಎಡಗಡೆಗೆ ಬಂದ.

*

ಡಬ್ಬದೊಳಗೆ ಒಂದು ಕಹಳೆ ಇತ್ತು. ನೆಟ್ಟಗಿನ ಕಹಳೆಯಲ್ಲ, ಸ್ಪೀಕರಿನಿಂದ ಹೊರಟು, ಹಲಗೆಗಳ ನಡುವೆ ಮಡಚಿ ಮಡಚಿ, ಅಗಲವಾಗುತ್ತ ಡಬ್ಬದ ಬಾಯಿಗೆ ಬರುವ ದಾರಿ. "ದಾರಿ ಉದ್ದ ಇದ್ದಷ್ಟೂ ತಗ್ಗಿನ ಸ್ವರ ಇಳಿಯುತ್ತೆ. ಒಂದು ಮೊಳ ಕಡಿಮೆಯಾದ್ರೂ ಕೆಟ್ಟಿತು" ಎಂದು ಅಣ್ಣ ನೂರು ಸಲ ಹೇಳಿದ್ದರು. ರಕ್ತಸಂಬಂಧವಲ್ಲದಿದ್ದರೂ ಬಡಗಿಗೆ ಗುಡುಗಪ್ಪ ಅಣ್ಣನೇ. ಪ್ರತಿ ತಿರುವನ್ನೂ ಪೆನ್ಸಿಲಿನಲ್ಲಿ ತಾವೇ ಗೀಚಿ ಕೊಟ್ಟಿದ್ದರು.

ಕೊನೆಯ ತಿರುವಿನ ಹಲಗೆಯನ್ನು ಬಡಗಿ ತಪ್ಪು ಅಂಚಿನಿಂದ ಅಳೆದು ಕೊಯ್ದ. ಒಂದು ಮೊಳ ಗಿಡ್ಡ. ಬೇರೆ ಹಲಗೆ ಇರಲಿಲ್ಲ. ಬೆಳಗಾದರೆ ನಾಟಕಮಂದಿರದ ಮಾಲೀಕ ಡಬ್ಬ ಕೊಳ್ಳುವ ಮುಂಚೆ ಕೇಳಿನೋಡಲು ಬರುವವನಿದ್ದ. ಒಳಗೆ ಇಣುಕುವವರು ಯಾರು? ಗಿಡ್ಡ ಹಲಗೆಯನ್ನೇ ಜಡಿದು, ಅಂಟು ಹಚ್ಚಿ ಮುಚ್ಚಿಬಿಟ್ಟ.

ಬೆಳಿಗ್ಗೆ ಡಬ್ಬ ಡಬಡಬ ಎಂದಿತು, ಅಷ್ಟೆ. ಎದೆ ನಡುಗಿಸಬೇಕಾದ ಸ್ವರ ಹುಟ್ಟಲೇ ಇಲ್ಲ. ಮಾಲೀಕ ಕೈ ಒದರಿಕೊಂಡು ಹೋದ. ಅಣ್ಣ ಪೆಚ್ಚಾಗಿ, "ಲೆಕ್ಕದಲ್ಲೇ ಎಲ್ಲೋ ಎಡವಿದೀನಿ ಕಣೋ. ನಿನ್ನ ಕೆಲಸ ಮಾತ್ರ ಅಪ್ಪಟ" ಎಂದು ಬೆನ್ನು ತಟ್ಟಿದರು. ಬಡಗಿ ತಟ್ಟಿಸಿಕೊಂಡ. ನಾಳೆ ಹೇಳಿದರಾಯಿತು ಎಂದುಕೊಂಡ.

*

ಎಡಪಕ್ಕದ ಹಲಗೆ ಕಿತ್ತುಬಂತು. ಒಳಗೆ ಪೆನ್ಸಿಲ್ ಗೆರೆ ಅಳಿಸದೆ ಹಾಗೇ ಇತ್ತು. ಕೊನೆಯ ಹಲಗೆ ನಿಂತಮೇಲೂ ಗೆರೆ ಒಂದು ಮೊಳ ಮುಂದಕ್ಕೆ ಹೋಗಿತ್ತು. ತುದಿಯಲ್ಲಿ ಅಣ್ಣನ ಅಕ್ಷರ, 'ಇಲ್ಲಿವರೆಗೆ'. ಅಪ್ಪನ ಪಕ್ಕ ಕೂತು ಕೆಲಸ ಕಲಿತ ಮಗಳು ಗೆರೆಯ ಮೇಲೆ ಬೆರಳಿಟ್ಟುಕೊಂಡು ಹೋದಳು.

"ಚಿಕ್ಕಪ್ಪ, ಹಲಗೆ ಯಾಕೆ ಇಷ್ಟಕ್ಕೇ ನಿಂತಿದೆ?"

ಗೆದ್ದಲು ತಿಂದಿರಬೇಕು ಎನ್ನಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಛೆ, ಹೆಣದ ಮುಂದೆಯೂ ಸುಳ್ಳೇ? ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ತಪ್ಪು ಕೊಯ್ದೆ ಮಗಳೇ. ಹೇಳೋಕೆ ನಾಚಿಕೆಯಾಗಿ ಮುಚ್ಚಿಬಿಟ್ಟೆ. ಅಣ್ಣನ ಲೆಕ್ಕ ಸರಿಯಾಗೇ ಇತ್ತು."

ಮಗಳು ಗೆರೆಯ ಮೇಲಿಂದ ಬೆರಳು ತೆಗೆದಳು. ಒಳಕೋಣೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು.

"ಹೋದ ವಾರಾನೂ ಆ ಲೆಕ್ಕ ಮಾಡ್ತಿದ್ರು," ಎಂದರು. "ಕಣ್ಣು ಕಾಣಲ್ಲ ಅಂತ ನನ್ ಕೈಲಿ ಅಂಕಿ ಓದಿಸ್ಕೊಂಡು. ಎಲ್ಲಿ ತಪ್ಪಿದೀನಿ ನೋಡೇ, ಅಂತ."

ಬಡಗಿ ತಲೆ ಎತ್ತದೆ ಡಬ್ಬವನ್ನು ಎರಡು ಹೋಳು ಮಾಡಿದ. ನಡುವೆ ದಾರಿಯಾಯಿತು. ಶವಪೆಟ್ಟಿಗೆಗೆ ಮೂವರು ಹೆಗಲು ಕೊಟ್ಟರು. ಮುಂದಿನ ಎಡಮೂಲೆ ಬಡಗಿಯದು ಎಂದು ಯಾರೂ ಹೇಳಬೇಕಾಗಿರಲಿಲ್ಲ; ಒಡಹುಟ್ಟಿದವರಿಲ್ಲದ ಮನುಷ್ಯನಿಗೆ ಅವನೇ ತಮ್ಮ. ಕೈಗಂಟಿದ ಮರದ ಹೊಟ್ಟು ಒರೆಸಿಕೊಂಡು ಮುಂದೆ ಬಂದ.

ಅತ್ತಿಗೆ ಅವನನ್ನು ದಾಟಿ ಹೋದರು. ಆ ಮೂಲೆಗೆ ತಮ್ಮ ಹೆಗಲು ಕೊಟ್ಟರು. ಕುಳ್ಳಗಿನ ಹೆಂಗಸು, ಪೆಟ್ಟಿಗೆ ಆ ಕಡೆಗೆ ವಾಲಿತು. ಹಾಗೆ ವಾಲಿಕೊಂಡೇ ಎರಡು ಹೋಳುಗಳ ನಡುವೆ ಹಾದು ಹೊರಟಿತು. ಬಡಗಿ ಗೋಡೆಗೆ ಒತ್ತಿಕೊಂಡು ನಿಂತು ದಾರಿ ಬಿಟ್ಟ.